ರೋಬೋಟ್ ಇರುವಾಗ ಮನುಷ್ಯರೇ ಯಾಕೆ ಹೋಗಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಾಹ್ಯಾಕಾಶಕ್ಕೆ ಹೋಗುವ ಮನುಷ್ಯರ ಬಗ್ಗೆಯೇ ಇದ್ದವು. ಹೋಗುವುದು ಸರಿಯೇ, ಅಷ್ಟು ಅಪಾಯ ಯಾಕೆ, ಅದರಿಂದ ಸಿಗುವುದೇನು ಅಂತ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಮಂಗಳದಲ್ಲಿ ರೋವರ್‌ಗಳು ಓಡಾಡುತ್ತಿವೆ. ಅವಕ್ಕೆ ಊಟ ಬೇಡ, ಗಾಳಿ ಬೇಡ, ವಾಪಸ್ ಕರೆತರುವ ತಲೆನೋವೂ ಇಲ್ಲ. ಹೀಗಿರುವಾಗ ಮನುಷ್ಯರ ಜೀವವನ್ನು ಪಣಕ್ಕಿಟ್ಟು ಕಳಿಸುವ ಅಗತ್ಯ ಏನಿದೆ?
— ಒಬ್ಬ ವಿಜ್ಞಾನ ಶಿಕ್ಷಕರು

ಉತ್ತರ: ಸರ್, ನಿಮ್ಮ ಮಾತಿನಲ್ಲಿ ಮುಕ್ಕಾಲು ಪಾಲು ಸರಿ. ಶುಕ್ರನ ಮೇಲೆ ಸೀಸ ಕರಗುವಷ್ಟು ಬಿಸಿ, ಗುರುಗ್ರಹದ ಸುತ್ತ ಭಯಂಕರ ವಿಕಿರಣ. ಅಲ್ಲಿಗೆಲ್ಲ ಮನುಷ್ಯ ಹೋಗುವ ಮಾತೇ ಇಲ್ಲ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳು ಇವತ್ತಿಗೂ ದೂರ ಹೋಗುತ್ತಲೇ ಇವೆ. ಅಂಥ ಕೆಲಸಕ್ಕೆ ಯಂತ್ರವೇ ಸರಿ.

ಉಳಿದ ಕಾಲು ಪಾಲಿನ ಬಗ್ಗೆ ನನ್ನ ತಕರಾರು. 1972ರ ಡಿಸೆಂಬರಿನಲ್ಲಿ ಅಪೋಲೊ 17ರ ಇಬ್ಬರು ಚಂದ್ರನ ಮೇಲೆ ಮೂರು ದಿನ ಇದ್ದರು, ತಮ್ಮ ಗಾಡಿಯಲ್ಲಿ ಸುಮಾರು 36 ಕಿಲೋಮೀಟರ್ ಸುತ್ತಾಡಿದರು. ಆಪರ್ಚುನಿಟಿ ರೋವರ್ ಮಂಗಳಕ್ಕೆ ಇಳಿದದ್ದು 2004ರ ಜನವರಿಯಲ್ಲಿ. ಅದು ಅಷ್ಟು ದೂರ ಹೋಗುವ ಹೊತ್ತಿಗೆ 2013ರ ಮೇ ಬಂದಿತ್ತು. ಬರೀ ಮೂರು ತಿಂಗಳಿಗೆ ಅಂತ ಮಾಡಿದ ಆ ರೋವರ್ ಅಷ್ಟು ವರ್ಷ ದುಡಿದದ್ದು ದೊಡ್ಡ ಸಾಧನೆಯೇ, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಸ್ಥಳದಲ್ಲಿ ನಿಂತು ಕಣ್ಣಿಂದ ನೋಡಿ, ಆ ಕ್ಷಣಕ್ಕೆ ನಿರ್ಧಾರ ಮಾಡುವವರ ವೇಗವೇ ಬೇರೆ.

ಆ ಇಬ್ಬರಲ್ಲಿ ಒಬ್ಬರಾದ ಹ್ಯಾರಿಸನ್ ಶ್ಮಿಟ್ ಭೂವಿಜ್ಞಾನಿ. ಶಾರ್ಟಿ ಅನ್ನುವ ಕುಳಿಯ ಅಂಚಿನಲ್ಲಿ ಓಡಾಡುವಾಗ ಕಾಲಿಂದ ಕೆದರಿದ ಮಣ್ಣು ಕಿತ್ತಳೆ ಬಣ್ಣದ್ದಾಗಿ ಕಂಡಿತು. ಸುತ್ತ ಎಲ್ಲ ಬೂದು, ಅಲ್ಲಿ ಮಾತ್ರ ಕಿತ್ತಳೆ. ಅಲ್ಲಿರಲು ಅವರಿಗಿದ್ದ ಸಮಯ ತೀರಾ ಕಡಿಮೆ. ಅಷ್ಟರಲ್ಲೇ ಅಗೆದು, ಕೊಳವೆ ಬಡಿದು ಆಳದ ಮಣ್ಣನ್ನೂ ತೆಗೆದರು. ಅವು 350 ಕೋಟಿ ವರ್ಷಕ್ಕೂ ಹಿಂದೆ ಜ್ವಾಲಾಮುಖಿಯಿಂದ ಚಿಮ್ಮಿದ ಗಾಜಿನ ಪುಟ್ಟ ಮಣಿಗಳು. ಅಪೋಲೊ ತಂದ ಇಂಥ ಮಣಿಗಳಲ್ಲೇ 2008ರಲ್ಲಿ ನೀರಿನ ಅಂಶ ಪತ್ತೆಯಾಯಿತು, ಚಂದ್ರ ಪೂರ್ತಿ ಒಣ ಅಂತ ನಂಬಿದ್ದವರು ಮತ್ತೆ ಯೋಚನೆ ಮಾಡಬೇಕಾಯಿತು. ಆರು ಅಪೋಲೊ ತಂಡಗಳು ಒಟ್ಟು 382 ಕಿಲೋ ಕಲ್ಲು ಮಣ್ಣು ತಂದವು. ಅದೇ ಕಾಲದಲ್ಲಿ ಸೋವಿಯತ್ ಒಕ್ಕೂಟದ ಮೂರು ಲೂನಾ ಯಂತ್ರಗಳು ತಂದದ್ದು ಎಲ್ಲ ಸೇರಿ ಸುಮಾರು 300 ಗ್ರಾಂ.

ಭೂಮಿಯ ಸುತ್ತ ಸುತ್ತುವ ಹಬಲ್ ದೂರದರ್ಶಕದ್ದೂ ಒಂದು ಕಥೆ ಇದೆ. 2009ರ ಮೇ ತಿಂಗಳಲ್ಲಿ ಅದರ ಕೊನೆಯ ರಿಪೇರಿಗೆ ಶಟಲ್, ಅಂದರೆ ಮತ್ತೆ ಮತ್ತೆ ಹಾರಿಸುತ್ತಿದ್ದ ಅಮೆರಿಕದ ರೆಕ್ಕೆಯ ನೌಕೆ, ಹೋಯಿತು. ಒಳಗಿನ ಒಂದು ಉಪಕರಣ 2004ರಲ್ಲೇ ಕೆಟ್ಟಿತ್ತು. ಅದನ್ನು ಮೇಲೆಯೇ ಬಿಚ್ಚಿ ಸರಿಮಾಡುತ್ತಾರೆ ಅಂತ ತಯಾರಿಸಿದವರು ಅಂದುಕೊಂಡೇ ಇರಲಿಲ್ಲ, ಹಾಗಾಗಿ ಮುಚ್ಚಳಕ್ಕೆ ನೂರಕ್ಕೂ ಜಾಸ್ತಿ ಪುಟ್ಟ ಸ್ಕ್ರೂಗಳು. ಅವು ತೇಲಿಹೋಗದಂತೆ ಹಿಡಿದಿಡಲು ಬೇರೆಯೇ ಒಂದು ತಟ್ಟೆ ಮಾಡಿಸಿಕೊಂಡು, ತುಂಬಾ ಅಭ್ಯಾಸ ಮಾಡಿಕೊಂಡು ಹೋಗಿದ್ದರು. ಆದರೆ ಕೆಲಸ ಸಿಕ್ಕಿಹಾಕಿಕೊಂಡದ್ದು ಅದಕ್ಕೂ ಮುಂಚೆ, ಮುಚ್ಚಳಕ್ಕೆ ಅಡ್ಡವಾಗಿದ್ದ ಒಂದು ಹಿಡಿಕೆಯಲ್ಲಿ! ಅದರ ನಾಲ್ಕು ಸ್ಕ್ರೂಗಳಲ್ಲಿ ಒಂದರ ತಲೆ ಸವೆದು, ಟೂಲ್ ಸುಮ್ನೆ ಸುತ್ತುತ್ತಿತ್ತು. ಹೆಚ್ಚು ಬಲ ಹಾಕಿ ಏನಾದರೂ ಚೂಪಾಗಿ ಮುರಿದರೆ ಕೈಗವಸು ಹರಿಯಬಹುದು, ಗಾಳಿ ಸೋರಬಹುದು. ನೆಲದ ಮೇಲಿದ್ದ ಎಂಜಿನಿಯರುಗಳು ಅಂಥದ್ದೇ ಹಿಡಿಕೆಯನ್ನು ಎಳೆದು, ಎಷ್ಟು ಬಲಕ್ಕೆ ಕಿತ್ತುಬರುತ್ತದೆ ಅಂತ ಆಗಿಂದಾಗಲೇ ಪರೀಕ್ಷೆ ಮಾಡಿ ತಿಳಿಸಿದರು. ಗಗನಯಾತ್ರಿ ಮೈಕ್ ಮ್ಯಾಸಿಮಿನೊ ಚೂರುಗಳು ಹಾರದಂತೆ ಟೇಪ್ ಅಂಟಿಸಿ, ಹಿಡಿಕೆಯನ್ನು ಕೈಯಿಂದಲೇ ಜಗ್ಗಿ ಕಿತ್ತರು. ಆಮೇಲೆ ಸ್ಕ್ರೂಗಳನ್ನೆಲ್ಲ ತೆಗೆದು ರಿಪೇರಿ ಮುಗಿಸಿದರು, ಆ ಉಪಕರಣ ಮತ್ತೆ ಕೆಲಸ ಶುರು ಮಾಡಿತು. ಯಾರೂ ಊಹಿಸದ ಕಡೆ ಯಾರೂ ಊಹಿಸದ ತೊಂದರೆ ಬಂದಾಗ ಯಂತ್ರ ಅಲ್ಲೇ ನಿಂತುಬಿಡುತ್ತದೆ. ಮನುಷ್ಯರನ್ನು ಕಳಿಸಲು ನನಗೆ ಗೊತ್ತಿರುವ ಅತಿ ಗಟ್ಟಿ ಕಾರಣ ಇದು.

ಪ್ರಶ್ನೆ: ಇಲ್ಲಿಯವರೆಗೆ ಎಷ್ಟು ಜನ ಸತ್ತಿದ್ದಾರೆ? ವಿಮಾನ ಪ್ರಯಾಣಕ್ಕಿಂತ ಇದು ಎಷ್ಟು ಅಪಾಯ?

ಉತ್ತರ: ವಿಮಾನಕ್ಕೆ ಹೋಲಿಸಲು ಆಗುವುದೇ ಇಲ್ಲ. ಶಟಲ್‌ಗಳು 1981ರಿಂದ 2011ರವರೆಗೆ 135 ಸಲ ಹಾರಿದವು, ಎರಡು ಸಲ ಒಳಗಿದ್ದವರೆಲ್ಲ ತೀರಿಕೊಂಡರು. ವಿಮಾನಗಳು ಹೀಗಿದ್ದರೆ ಯಾರೂ ಹತ್ತುತ್ತಿರಲಿಲ್ಲ.

ಕಕ್ಷೆಗೆಂದು ಹೊರಟು ಪ್ರಯಾಣದಲ್ಲೇ ಪ್ರಾಣ ಬಿಟ್ಟವರು 18 ಜನ. 1967ರಲ್ಲಿ ಸೋವಿಯತ್ ನೌಕೆ ಸೋಯೂಜ್ 1ರ ಪ್ಯಾರಾಚೂಟ್ ಸರಿಯಾಗಿ ಬಿಚ್ಚದೆ ವ್ಲಾದಿಮಿರ್ ಕೊಮರೊವ್, 1971ರಲ್ಲಿ ಸೋಯೂಜ್ 11ರ ಮೂವರು, 1986ರಲ್ಲಿ ಚಾಲೆಂಜರ್ ಶಟಲ್‌ನ ಏಳು, 2003ರಲ್ಲಿ ಕೊಲಂಬಿಯಾ ಶಟಲ್‌ನ ಏಳು. ಇವರಲ್ಲದೆ 1967ರ ಜನವರಿಯಲ್ಲಿ ಅಪೋಲೊ 1ರ ಮೂವರು ನೆಲದ ಮೇಲೆ ನಡೆದ ಪರೀಕ್ಷೆಯಲ್ಲೇ ಬೆಂಕಿಗೆ ಬಲಿಯಾದರು. ಕ್ಯಾಬಿನ್ ತುಂಬಾ ಶುದ್ಧ ಆಮ್ಲಜನಕ, ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒತ್ತಡ ಏರಿದ ಮೇಲೆ ಅದನ್ನು ಎಳೆಯಲೂ ಆಗಲಿಲ್ಲ.

ಗಮನಿಸಿ, ಇವರಲ್ಲಿ ವಾತಾವರಣದಿಂದ ಮೇಲೆ ಇದ್ದಾಗ ಸಾವಿಗೀಡಾದವರು ಸೋಯೂಜ್ 11ರ ಮೂವರು ಮಾತ್ರ. ವಾಪಸ್ ಬರುವಾಗ ನೌಕೆಯ ಭಾಗಗಳು ಬೇರೆಯಾದ ಹೊತ್ತಿಗೆ ಒಂದು ವಾಲ್ವ್ ತೆರೆದುಕೊಂಡು ಗಾಳಿ ಎಲ್ಲ ಹೊರಗೆ ಹೋಯಿತು. ಒಳಗೆ ಜಾಗ ಇಕ್ಕಟ್ಟು ಅಂತ ಯಾರೂ ಒತ್ತಡದ ಸೂಟ್ ಹಾಕಿರಲಿಲ್ಲ. ನೌಕೆ ಮಾತ್ರ ಸರಿಯಾಗಿಯೇ ಇಳಿಯಿತು. ಬಾಗಿಲು ತೆಗೆದವರಿಗೆ ಕಂಡದ್ದು ಕೂತಲ್ಲೇ ಪ್ರಾಣ ಹೋದ ಮೂವರು. ಅವತ್ತಿನಿಂದ ಸೋಯೂಜ್ ಹತ್ತುವಾಗ, ಇಳಿಯುವಾಗ ಸೂಟ್ ಕಡ್ಡಾಯ. ಹಾರಾಟದಲ್ಲಾದ ಉಳಿದ ಸಾವುಗಳೆಲ್ಲ ಏರುವಾಗ ಅಥವಾ ಇಳಿಯುವಾಗ ಆದವು, ಅತಿ ಅಪಾಯದ ನಿಮಿಷಗಳು ಅವೇ.

ಪ್ರಶ್ನೆ: ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ದುರಂತವನ್ನು ತಪ್ಪಿಸಬಹುದಿತ್ತು ಅಂತ ಕೇಳಿದ್ದೇನೆ. ನಿಜವಾ?

ಉತ್ತರ: ಇದಕ್ಕೆ ಸ್ವಲ್ಪ ಉದ್ದವಾಗಿ ಬರೆಯಬೇಕು, ಯಾಕೆಂದರೆ ಬಾಹ್ಯಾಕಾಶದ ಅಪಾಯ ಅಂದರೇನು ಅಂತ ನನಗೆ ಅರ್ಥವಾದದ್ದೇ ಈ ದುರಂತದ ತನಿಖೆ ಓದಿದ ಮೇಲೆ.

2003ರ ಜನವರಿ 16ರಂದು ಶಟಲ್ ಮೇಲೇರಿ ಸುಮಾರು 82 ಸೆಕೆಂಡ್ ಆಗಿತ್ತು. ದೊಡ್ಡ ಇಂಧನ ಟ್ಯಾಂಕ್‌ನ ಹೊರಗಿನ ಫೋಮ್‌ನ ತುಂಡೊಂದು ಕಳಚಿ ಎಡರೆಕ್ಕೆಗೆ ಬಡಿಯಿತು. ತೂಕ ಒಂದು ಕಿಲೋ ಕೂಡ ಇರಲಿಲ್ಲ. ಮರುದಿನ ವಿಡಿಯೊ ನೋಡಿದ ಎಂಜಿನಿಯರುಗಳಿಗೆ ಆತಂಕವಾಯಿತು. ಕಕ್ಷೆಯಲ್ಲಿರುವ ಶಟಲ್‌ನ ರೆಕ್ಕೆಯ ಚಿತ್ರ ತೆಗೆಸಿಕೊಡಿ ಅಂತ ಒಂದಕ್ಕಿಂತ ಹೆಚ್ಚು ಸಲ ಕೇಳಿದರು. ಮೇಲಿನವರು ಅದನ್ನು ಮುಂದಕ್ಕೆ ಒಯ್ಯಲಿಲ್ಲ. ಫೋಮ್ ಹಿಂದೆಯೂ ಎಷ್ಟೋ ಸಲ ಬಿದ್ದಿತ್ತು, ಶಟಲ್ ಪ್ರತಿ ಸಲವೂ ಸುರಕ್ಷಿತವಾಗಿ ಇಳಿದಿತ್ತು, ಹಾಗಾಗಿ ಈ ಸಲವೂ ಏನೂ ಆಗಲ್ಲ ಅಂತ ಅವರ ಲೆಕ್ಕ. ಫೆಬ್ರವರಿ 1ರಂದು ಇಳಿಯಲು ಸುಮಾರು 16 ನಿಮಿಷ ಇದೆ ಅನ್ನುವಾಗ, ರೆಕ್ಕೆಯ ತೂತಿನಿಂದ ನುಗ್ಗಿದ ಬಿಸಿ ಅನಿಲದಿಂದಾಗಿ ಶಟಲ್ ಒಡೆದು ಚೂರಾಯಿತು. ಆಮೇಲೆ ತನಿಖೆಯವರು ಅಂಥದ್ದೇ ಫೋಮ್ ತುಂಡನ್ನು ಅಂಥದ್ದೇ ರೆಕ್ಕೆಯ ಭಾಗಕ್ಕೆ ಅದೇ ವೇಗದಲ್ಲಿ ಹೊಡೆದು ನೋಡಿದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು.

ತಪ್ಪಿಸಬಹುದಿತ್ತಾ? ತೂತು ಬಿದ್ದಿದೆ ಅಂತ ಮೊದಲ ಕೆಲವು ದಿನಗಳಲ್ಲೇ ಗೊತ್ತಾಗಿದ್ದರೆ, ಅಟ್ಲಾಂಟಿಸ್ ಶಟಲನ್ನು ತರಾತುರಿಯಲ್ಲಿ ಸಜ್ಜು ಮಾಡಿ ಕಳಿಸಿ ಏಳೂ ಜನರನ್ನು ಕರೆತರಲು ಪ್ರಯತ್ನಿಸಬಹುದಿತ್ತು, ಕಷ್ಟ, ಆದರೆ ಅಸಾಧ್ಯವಲ್ಲ ಅಂತ ತನಿಖೆ ಹೇಳಿತು. ಆ ಅವಕಾಶ ಕೈತಪ್ಪಿದ್ದು ಯಾರೂ ರೆಕ್ಕೆಯನ್ನು ನೋಡಲಿಲ್ಲ ಅನ್ನುವ ಕಾರಣಕ್ಕೆ. ಇದನ್ನು ಬರೆಯುವಾಗ ಈಗಲೂ ಸಂಕಟವಾಗುತ್ತದೆ.

ಚಾಲೆಂಜರ್‌ದೂ ಹೆಚ್ಚುಕಡಿಮೆ ಇದೇ. ಹಿಂದಿನ ರಾತ್ರಿಯೇ ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರುಗಳು, ಚಳಿ ಜಾಸ್ತಿ ಇದೆ, ರಾಕೆಟ್‌ನ ಜೋಡಣೆಗಳಿಂದ ಅನಿಲ ಸೋರದಂತೆ ತಡೆಯುವ ರಬ್ಬರ್ ರಿಂಗ್ ಗಡುಸಾಗುತ್ತದೆ, 12 ಡಿಗ್ರಿಗಿಂತ ಕೆಳಗೆ ಹಾರಿಸಬೇಡಿ ಅಂದಿದ್ದರು. ಹಿಂದಿನ ಹಾರಾಟಗಳಲ್ಲಿ ರಿಂಗ್‌ಗಳು ಸುಟ್ಟಿದ್ದ ಗುರುತು ಸಿಕ್ಕಿತ್ತು. ಮೇಲಿನವರು ಅವರ ಮಾತನ್ನು ತಳ್ಳಿಹಾಕಿದರು. 1986ರ ಜನವರಿ 28ರ ಬೆಳಿಗ್ಗೆ ಸುಮಾರು 2 ಡಿಗ್ರಿ ಚಳಿಯಲ್ಲಿ ಹಾರಿಸಿದರು, 73 ಸೆಕೆಂಡಿಗೆ ಎಲ್ಲ ಮುಗಿಯಿತು. ಅದರ ತನಿಖೆಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಶಟಲ್ ವಿಫಲವಾಗುವ ಸಾಧ್ಯತೆ ಎಷ್ಟು ಅಂತ ವಿಚಾರಿಸಿದಾಗ ಆಡಳಿತದವರ ಲೆಕ್ಕ ಲಕ್ಷಕ್ಕೆ ಒಂದು, ಎಂಜಿನಿಯರುಗಳ ಲೆಕ್ಕ ಸುಮಾರು ನೂರಕ್ಕೆ ಒಂದು. ಕೊನೆಗೆ ಆದದ್ದು 135ಕ್ಕೆ ಎರಡು. ಯಾರ ಲೆಕ್ಕ ನಿಜಕ್ಕೆ ಹತ್ತಿರ ಇತ್ತು ಅಂತ ನೀವೇ ನೋಡಿ. ಆ ನೌಕೆಯಲ್ಲಿ ಒಬ್ಬ ಶಾಲಾ ಶಿಕ್ಷಕಿಯೂ ಇದ್ದರು, ಕ್ರಿಸ್ಟಾ ಮೆಕಾಲಿಫ್. ಅಪಾಯ ಲಕ್ಷಕ್ಕೆ ಒಂದು ಅಂತ ನಂಬಿ ಹತ್ತುವುದಕ್ಕೂ ನೂರಕ್ಕೆ ಒಂದು ಅಂತ ಗೊತ್ತಿದ್ದು ಹತ್ತುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಲ್ವಾ?

ಎಚ್ಚರಿಕೆಯ ಗುರುತನ್ನು ಏನೂ ಆಗಲ್ಲ ಅಂತ ಬದಿಗಿಡುವ ಈ ಅಭ್ಯಾಸ ಅಷ್ಟು ಬೇಗ ಹೋಗುವುದೂ ಇಲ್ಲ. 2013ರ ಜುಲೈ 9ರಂದು ಇಟಲಿಯ ಲೂಕಾ ಪರ್ಮಿಟಾನೊ ಬಾಹ್ಯಾಕಾಶ ನಡಿಗೆ ಮುಗಿಸಿ ಬಂದಾಗ ಹೆಲ್ಮೆಟ್ ಒಳಗೆ ನೀರಿತ್ತು. ಕುಡಿಯುವ ನೀರಿನ ಚೀಲ ಸೋರಿರಬೇಕು ಅಂದುಕೊಂಡರು. ಒಂದು ವಾರ ಬಿಟ್ಟು ಅದೇ ಸೂಟ್‌ನಲ್ಲಿ ಮತ್ತೆ ಹೊರಗೆ ಹೋದರು. ಈ ಸಲ ನೀರು ತಲೆಯ ಹಿಂದಿನಿಂದ ಬಂದು ಕಿವಿ, ಕಣ್ಣು, ಮೂಗನ್ನು ಮುಚ್ಚಿತು. ತೂಕವಿಲ್ಲದ ಕಡೆ ನೀರು ಕೆಳಗೆ ಇಳಿಯುವುದಿಲ್ಲ, ಮುಖಕ್ಕೆ ಅಂಟಿಕೊಂಡೇ ಇರುತ್ತದೆ, ಒರೆಸಲು ಕೈ ಒಳಗೆ ಹೋಗುವುದಿಲ್ಲ. ಅಷ್ಟರಲ್ಲಿ ಸೂರ್ಯನೂ ಮುಳುಗಿದ. ಕಣ್ಣು ಕಾಣದೆ, ಮಾತು ಕೇಳದೆ, ತಮ್ಮನ್ನು ಕಟ್ಟಿದ್ದ ಹಗ್ಗದ ಎಳೆತವನ್ನೇ ನಂಬಿ ಬಾಗಿಲಿನವರೆಗೆ ಬಂದರು. ಕಾರಣ ಸೂಟ್‌ನ ತಂಪು ವ್ಯವಸ್ಥೆಯಲ್ಲಿ ಕಟ್ಟಿಕೊಂಡಿದ್ದ ಕಸ. ಚೀಲವನ್ನು ಸುಮ್ನೆ ದೂರದೆ ಮೊದಲ ಸಲವೇ ಸೂಟ್ ಬಿಚ್ಚಿ ನೋಡಿದ್ದರೆ ಸಿಗುತ್ತಿತ್ತು.

ಒಳ್ಳೆಯ ಉದಾಹರಣೆಯೂ ಇದೆ. 2024ರ ಜೂನ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಸುಮಾರು ಎಂಟು ದಿನಕ್ಕೆ ಅಂತ ಸ್ಟಾರ್‌ಲೈನರ್ ಅನ್ನುವ ಹೊಸ ನೌಕೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಹೀಲಿಯಂ ಸೋರಿತು, ಕೆಲವು ಥ್ರಸ್ಟರ್‌ಗಳು (ನೌಕೆಯನ್ನು ತಿರುಗಿಸುವ ಪುಟ್ಟ ಎಂಜಿನ್‌ಗಳು) ಕೈಕೊಟ್ಟವು. ನಾಸಾ ವಾರಗಟ್ಟಲೆ ಚರ್ಚೆ ಮಾಡಿ ನೌಕೆಯನ್ನು ಖಾಲಿ ಇಳಿಸಿತು. ಇಬ್ಬರೂ 286 ದಿನದ ನಂತರ 2025ರ ಮಾರ್ಚ್‌ನಲ್ಲಿ ಡ್ರ್ಯಾಗನ್ ನೌಕೆಯಲ್ಲಿ ಬಂದರು. ಖಾಲಿ ನೌಕೆ ಸುರಕ್ಷಿತವಾಗಿ ಇಳಿಯಿತಲ್ಲ, ಅವರೂ ಅದರಲ್ಲೇ ಬರಬಹುದಿತ್ತು ಅಂತ ಕೆಲವರು ಬರೆದಿದ್ದಾರೆ. ಬರಬಹುದಿತ್ತು. ಆದರೂ ಆ ನಿರ್ಧಾರ ನೂರಕ್ಕೆ ನೂರು ಸರಿ. ಫೋಮ್ ಬಿದ್ದ ಶಟಲ್‌ಗಳೂ ಎಷ್ಟೋ ಸಲ ಸುರಕ್ಷಿತವಾಗಿಯೇ ಇಳಿದಿದ್ದವು.

ಪ್ರಶ್ನೆ: ತಿಂಗಳುಗಟ್ಟಲೆ ಮೇಲಿದ್ದರೆ ದೇಹಕ್ಕೆ ಏನಾಗುತ್ತದೆ?
— ಒಬ್ಬ ನರ್ಸ್

ಉತ್ತರ: ಸಿಸ್ಟರ್, ಹಾಸಿಗೆ ಹಿಡಿದ ರೋಗಿಗಳಲ್ಲಿ ನೀವು ನೋಡುವಂಥದ್ದೇ, ಆದರೆ ಆರೋಗ್ಯವಂತರಲ್ಲಿ. ಭಾರ ಹೊರುವ ಕೆಲಸ ಇಲ್ಲದ್ದರಿಂದ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳಬಹುದು. ಅದಕ್ಕೇ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೆ ಮೀಸಲು. ಕಾಲಿನ ಕಡೆ ಇರಬೇಕಾದ ರಕ್ತ, ದ್ರವ ತಲೆಯ ಕಡೆ ಸರಿದು ಮುಖ ಊದುತ್ತದೆ, ಕೆಲವರಿಗೆ ಕಣ್ಣಿನ ನರ ಊದಿ ದೃಷ್ಟಿ ಬದಲಾಗುತ್ತದೆ. ನಿಲ್ದಾಣದಲ್ಲಿದ್ದ ಒಬ್ಬರ ಕುತ್ತಿಗೆಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದೂ ಸಿಕ್ಕಿತು. ನೆಲದ ಮೇಲಿನ ವೈದ್ಯರು ಹೇಳಿದಂತೆ ಅಲ್ಲೇ ರಕ್ತ ತೆಳುಮಾಡುವ ಔಷಧ ಕೊಟ್ಟು ಸಂಭಾಳಿಸಿದರು. ವಲೇರಿ ಪೊಲ್ಯಾಕೊವ್ ಮಿರ್ ನಿಲ್ದಾಣದಲ್ಲಿ ಒಂದೇ ಸಲ 437 ದಿನ ಇದ್ದು 1995ರಲ್ಲಿ ಬಂದರು. ಅವರೇ ವೈದ್ಯರು. ಇಳಿದ ಮೇಲೆ ಸ್ವಲ್ಪ ದೂರ ತಾವೇ ನಡೆದು ತೋರಿಸಿದರು.

ವ್ಯಾಯಾಮದಿಂದ ಸರಿಹೋಗದ್ದು ವಿಕಿರಣ. ಅದನ್ನು ಮುಂದಿನ ಉತ್ತರದಲ್ಲಿ ನೋಡಿ.

ಪ್ರಶ್ನೆ: ವಾಪಸ್ ಬರದಿದ್ದರೂ ಪರವಾಗಿಲ್ಲ, ಮಂಗಳಕ್ಕೆ ಹೋಗುತ್ತೇನೆ ಅನ್ನುವವರು ಸಾವಿರಾರು ಜನ ಇದ್ದಾರೆ. ಅವರನ್ನು ಕಳಿಸಿದರೆ ತಪ್ಪೇನು?

ಉತ್ತರ: ಅವರ ಧೈರ್ಯದ ಬಗ್ಗೆ ಗೌರವ ಇದೆ. ಆದರೆ ಕಳಿಸುವವರಿಗೂ ಒಂದು ಹೊಣೆ ಇದೆ ಅಲ್ವಾ? ಮೊದಲು ದೂರ ನೋಡಿ. ಮಂಗಳ ಹತ್ತಿರ ಬಂದಾಗ ಸುಮಾರು 5.5 ಕೋಟಿ ಕಿಲೋಮೀಟರ್, ದೂರ ಹೋದಾಗ 40 ಕೋಟಿ. ಒಂದು ಮಾತು ತಲುಪಲು 3ರಿಂದ 22 ನಿಮಿಷ, ಉತ್ತರ ಬರಲು ಮತ್ತೆ ಅಷ್ಟೇ. 1970ರಲ್ಲಿ ಅಪೋಲೊ 13ರ ಆಮ್ಲಜನಕದ ಟ್ಯಾಂಕ್ ಸಿಡಿದಾಗ ನೆಲದವರು ಕ್ಷಣಕ್ಷಣಕ್ಕೂ ಜೊತೆಗಿದ್ದರು. ಚೌಕಾಕಾರದ ಗಾಳಿ ಶುದ್ಧಿಯ ಡಬ್ಬಿಯನ್ನು ದುಂಡು ರಂಧ್ರದ ವ್ಯವಸ್ಥೆಗೆ ಹೇಗೆ ಜೋಡಿಸಬೇಕು ಅಂತ ಒಂದೊಂದೇ ಹಂತ ಓದಿ ಹೇಳಿದರು, ನಾಲ್ಕು ದಿನದೊಳಗೆ ಮೂವರೂ ಸಮುದ್ರಕ್ಕೆ ಇಳಿದರು. ಮಂಗಳದ ದಾರಿಯಲ್ಲಿ ಅದೇ ಆದರೆ ಮನೆ ತಿಂಗಳುಗಳ ದೂರ. ಹೋಗಿ ಬರುವ ದಾರಿ ಸುಮಾರು 26 ತಿಂಗಳಿಗೊಮ್ಮೆ ಮಾತ್ರ ಅನುಕೂಲಕ್ಕೆ ಬರುತ್ತದೆ, ಹಾಗಾಗಿ ಇಡೀ ಪ್ರಯಾಣ ಹತ್ತಿರ ಹತ್ತಿರ ಮೂರು ವರ್ಷ.

ಇನ್ನು ವಿಕಿರಣ. ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅಳೆದು ನೋಡಿತು, ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ದೇಹಕ್ಕೆ ತಗಲುವ ವಿಕಿರಣದ ಅಳತೆ). ಭೂಮಿಯ ಮೇಲೆ ನಮಗೆ ಪ್ರಕೃತಿಯಿಂದ ವರ್ಷಪೂರ್ತಿ ಸಿಗುವುದು ಸರಾಸರಿ 2.4. ಹೋಗಿಬರುವ ದಾರಿಯೊಂದರಲ್ಲೇ 660ರ ಹತ್ತಿರ ಆಗುತ್ತದೆ. ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟಿರುವ ಮಿತಿ 600. ಇದಕ್ಕೆ ದೊಡ್ಡ ಸೌರ ಬಿರುಗಾಳಿಯನ್ನು ಸೇರಿಸಿಲ್ಲ. 1972ರ ಆಗಸ್ಟ್‌ನಲ್ಲಿ ಅಂಥದ್ದೊಂದು ಬಂದಿತ್ತು, ಏಪ್ರಿಲ್‌ನ ಅಪೋಲೊ 16ಕ್ಕೂ ಡಿಸೆಂಬರ್‌ನ ಅಪೋಲೊ 17ಕ್ಕೂ ನಡುವೆ. ಆಗ ಯಾರೂ ಚಂದ್ರನ ಮೇಲೆ ಇರಲಿಲ್ಲ ಅನ್ನುವುದು ಬರೀ ಅದೃಷ್ಟ.

ನನ್ನ ಅಭಿಪ್ರಾಯ ಕೇಳಿದರೆ, ಮಂಗಳಕ್ಕೆ ಹೋಗಲೇಬೇಕು, ಆದರೆ ವಾಪಸ್ ಬರುವ ವ್ಯವಸ್ಥೆ ಸಿದ್ಧವಾದ ಮೇಲೆ. ಮೊದಲು ಚಂದ್ರನ ಮೇಲೆ ತಿಂಗಳುಗಟ್ಟಲೆ ಬದುಕಿ ಕಲಿಯಬೇಕು, ಅಲ್ಲಿಂದ ಮೂರೇ ದಿನಕ್ಕೆ ಮನೆಗೆ ಬರಬಹುದು. ವಾಪಸ್ ಬರದಿದ್ದರೂ ಪರವಾಗಿಲ್ಲ ಅಂತ ಹೋಗುವವರು ಹೇಳಬಹುದು, ಕಳಿಸುವವರು ಹೇಳಬಾರದು.

ಪ್ರಶ್ನೆ: ಟೆಫ್ಲಾನ್, ವೆಲ್ಕ್ರೊ ಎಲ್ಲ ಬಾಹ್ಯಾಕಾಶ ಯಾನದಿಂದಲೇ ಬಂದವಂತೆ?

ಉತ್ತರ: ಇಲ್ಲ. ಟೆಫ್ಲಾನ್ ಸಿಕ್ಕಿದ್ದು 1938ರಲ್ಲಿ, ವೆಲ್ಕ್ರೊ ಕೂಡ 1958ರಲ್ಲಿ ನಾಸಾ ಶುರುವಾಗುವ ಮುಂಚಿನದು. ಹವಾಮಾನ, ಜಿಪಿಎಸ್, ಟಿವಿ ಉಪಗ್ರಹಗಳನ್ನೂ ಮನುಷ್ಯಯಾನದ ಖಾತೆಗೆ ಬರೆಯುವುದು ತಪ್ಪು, ಅವಕ್ಕೆ ಮನುಷ್ಯರು ಹೋಗಬೇಕಿರಲಿಲ್ಲ. ನಿಜವಾದದ್ದು ಬೇಕಾದರೆ ಇದೆ. ಅಪೋಲೊದ ಕಂಪ್ಯೂಟರ್‌ಗೆ ಅಂತ ಕೊಂಡ ರಾಶಿ ಚಿಪ್‌ಗಳಿಂದ ಆಗಿನ್ನೂ ಹೊಸದಾಗಿದ್ದ ಚಿಪ್ ಉದ್ಯಮಕ್ಕೆ ಒಳ್ಳೆಯ ಬಲ ಬಂತು. ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವವನ್ನೆಲ್ಲ ಹಿಡಿದು 2023ರಲ್ಲಿ ಶೇಕಡಾ 98ರಷ್ಟು ನೀರನ್ನು ಮತ್ತೆ ಕುಡಿಯುವಂತೆ ಮಾಡಿದರು. ಒಳ್ಳೆಯ ಕೆಲಸಕ್ಕೆ ಸುಳ್ಳು ಹೊಗಳಿಕೆ ಬೇಕಾಗಿಲ್ಲ.

ಪ್ರಶ್ನೆ: ಭೂಮಿಯ ಮೇಲೆ ಹಸಿದವರಿರುವಾಗ ಇಷ್ಟು ಹಣ ಸುರಿಯುವುದು ಸರಿಯೇ?

ಉತ್ತರ: ಈ ಪ್ರಶ್ನೆಯನ್ನು ಕೇಳುತ್ತಲೇ ಇರಬೇಕು. ಅಪೋಲೊ ಕಾಲದಲ್ಲಿ, 1966ರ ಸುಮಾರಿಗೆ, ಅಮೆರಿಕದ ಒಕ್ಕೂಟ ಬಜೆಟ್‌ನ ಶೇಕಡಾ 4ಕ್ಕಿಂತ ಜಾಸ್ತಿ ನಾಸಾಗೆ ಹೋಗುತ್ತಿತ್ತು. ಈಗ ಅರ್ಧ ಪ್ರತಿಶತಕ್ಕಿಂತ ಕಡಿಮೆ. ಅದನ್ನು ನಿಲ್ಲಿಸಿದ ಮಾತ್ರಕ್ಕೆ ಹಸಿದವರ ತಟ್ಟೆಗೆ ಹೋಗುತ್ತದೆ ಅನ್ನುವ ನಂಬಿಕೆ ನನಗಿಲ್ಲ. ಆದರೆ ಒಂದು ಮಾತು ಒಪ್ಪಲೇಬೇಕು. ಪರ್ಸಿವರೆನ್ಸ್ ರೋವರ್‌ನ ಇಡೀ ಯೋಜನೆಗೆ ಸುಮಾರು 270 ಕೋಟಿ ಡಾಲರ್ ಆಯಿತು. ಮನುಷ್ಯರನ್ನು ಚಂದ್ರನತ್ತ ಕಳಿಸಲು ಅಂತ ನಾಸಾ ಮಾಡಿದ ಎಸ್‌ಎಲ್‌ಎಸ್ ರಾಕೆಟ್ ಮತ್ತು ಒರಾಯನ್ ನೌಕೆಯ ಮೊದಮೊದಲ ಹಾರಾಟಗಳಿಗೆ ಒಂದೊಂದಕ್ಕೂ 410 ಕೋಟಿ ಡಾಲರ್ ಅಂತ ನಾಸಾದ ಲೆಕ್ಕಪರಿಶೋಧಕರೇ 2022ರಲ್ಲಿ ಹೇಳಿದರು. ಮನುಷ್ಯರನ್ನು ಕಳಿಸುವವರು ಈ ವ್ಯತ್ಯಾಸಕ್ಕೆ ಪ್ರತಿ ಸಲವೂ ಉತ್ತರ ಕೊಡಬೇಕು. ಬಾವುಟ ನೆಟ್ಟು ಬರುವುದಕ್ಕಾದರೆ ಅಷ್ಟು ಖರ್ಚು ದಂಡ. ಶ್ಮಿಟ್ ಥರದವರನ್ನು ವಾರಗಟ್ಟಲೆ ಅಲ್ಲಿ ಬಿಟ್ಟು ಕೆಲಸ ಮಾಡಿಸುವುದಾದರೆ ನಾನು ಪರ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಗಗನಯಾತ್ರಿ ಆಗುತ್ತೇನೆ ಅಂತ ಹಟ. ಹೆಮ್ಮೆಯೂ ಆಗುತ್ತದೆ, ರಾತ್ರಿ ನಿದ್ದೆಯೂ ಬರುವುದಿಲ್ಲ. ಏನು ಹೇಳಲಿ?

ಉತ್ತರ: ಅಮ್ಮಾ, ನಿಮ್ಮ ಎರಡೂ ಭಾವನೆ ಸರಿಯಾಗಿಯೇ ಇವೆ. ನಾಸಾ ಹಿಂದೊಮ್ಮೆ ಅರ್ಜಿ ಕರೆದಾಗ 18,300ಕ್ಕೂ ಹೆಚ್ಚು ಜನ ಹಾಕಿದ್ದರು, 2017ರಲ್ಲಿ ಆರಿಸಿದ್ದು 12 ಜನರನ್ನು. ಹಾಗಾಗಿ ದಾರಿ ತುಂಬಾ ಕಿರಿದು. ಆದರೆ ಆ ದಾರಿಯಲ್ಲಿ ಓದುವುದೆಲ್ಲ ಕೆಲಸಕ್ಕೆ ಬರುವಂಥದ್ದೇ. ಪೈಲಟ್, ವೈದ್ಯೆ, ಎಂಜಿನಿಯರ್, ಭೂವಿಜ್ಞಾನಿ, ಯಾವುದರಿಂದ ಬೇಕಾದರೂ ಹೋಗಬಹುದು. ಅವಳಿಗೆ ಇಷ್ಟವಾದ ಒಂದು ವಿಷಯವನ್ನು ಆಳವಾಗಿ ಕಲಿಯಲಿ, ಈಜು ಕಲಿಯಲಿ, ನಾಲ್ಕು ಜನರ ಜೊತೆ ಇಕ್ಕಟ್ಟಿನಲ್ಲಿ ಹೊಂದಿಕೊಂಡು ಇರುವುದನ್ನು ಕಲಿಯಲಿ.

ಅಪಾಯವನ್ನು ಅವಳಿಂದ ಮುಚ್ಚಿಡಬೇಡಿ. ಹೊಸ ನೌಕೆಗಳಿಗೆ ನಾಸಾ ಹಾಕಿದ ಷರತ್ತೇ, ನಿಲ್ದಾಣಕ್ಕೆ ಹೋಗಿ ಬರುವ ಪ್ರಯಾಣದಲ್ಲಿ ಸಿಬ್ಬಂದಿಯನ್ನು ಕಳೆದುಕೊಳ್ಳುವ ಸಾಧ್ಯತೆ 270ರಲ್ಲಿ ಒಂದಕ್ಕಿಂತ ಜಾಸ್ತಿ ಇರಬಾರದು ಅಂತ. ಚಿಕ್ಕ ಸಂಖ್ಯೆಯಲ್ಲ. ಶಟಲ್‌ಗೆ ಇಲ್ಲದಿದ್ದ ಒಂದು ಅನುಕೂಲ ಈಗಿನ ನೌಕೆಗಳಿಗಿದೆ, ರಾಕೆಟ್ ಕೈಕೊಟ್ಟರೆ ಜನರಿರುವ ಭಾಗ ಬೇರೆಯಾಗಿ ದೂರ ಹೋಗುತ್ತದೆ. 2018ರ ಅಕ್ಟೋಬರ್ 11ರಂದು ಸೋಯೂಜ್ ರಾಕೆಟ್ ಹೊರಟ ಎರಡು ನಿಮಿಷಕ್ಕೆ ಹಾಳಾದಾಗ ಅಲೆಕ್ಸಿ ಒವ್ಚಿನಿನ್ ಮತ್ತು ನಿಕ್ ಹೇಗ್ ಬದುಕಿದ್ದು ಹೀಗೇ. ಇಬ್ಬರೂ ಮರುವರ್ಷ ಮಾರ್ಚ್‌ನಲ್ಲಿ ಮತ್ತೆ ಹೊರಟು ನಿಲ್ದಾಣ ತಲುಪಿದರು. ಈ ಕಥೆಯನ್ನೂ, ಕೊಲಂಬಿಯಾದ ಕಥೆಯನ್ನೂ ಅವಳಿಗೆ ಹೇಳಿ. ಎಲ್ಲ ಕೇಳಿಯೂ ಹೋಗುತ್ತೇನೆ ಅಂದರೆ ಬೆನ್ನು ತಟ್ಟಿ.

ಪ್ರಶ್ನೆ: ನಿಮಗೆ ಅವಕಾಶ ಸಿಕ್ಕರೆ ಹೋಗುತ್ತೀರಾ?

ಉತ್ತರ: ನಿಲ್ದಾಣಕ್ಕಾದರೆ ನಾಳೆಯೇ. ಚಂದ್ರನಿಗಾದರೆ ಮನೆಯವರ ಜೊತೆ ಕೂತು ಮಾತಾಡಿ, ಹೌದು ಅನ್ನುತ್ತೇನೆ. ಮಂಗಳಕ್ಕೆ ಮಾತ್ರ ಈಗ ಇಲ್ಲ. ವಾಪಸ್ ಬರುವ ರಾಕೆಟ್ ಮೊದಲೇ ಅಲ್ಲಿ ಇಳಿದು, ಇಂಧನ ತುಂಬಿಕೊಂಡು ನಿಂತಿದೆ ಅಂತ ಗೊತ್ತಾದ ಮೇಲೆ ಕೇಳಿ.